ಕಡಮತ್: ಮೂಡಣ ಧಕ್ಕೆಯಿಂದ ಪಡುವಣ ದಡಕ್ಕೆ

ಲಕ್ಷದ್ವೀಪದ ಕಡಮತ್ ಒಂಬತ್ತು ಕಿಲೋಮೀಟರಿಗಿಂತ ತುಸು ಉದ್ದ ಇದೆ. ಅಗಲ ಮಾತ್ರ ಎಲ್ಲಿ ಅಳೆದರೂ 600 ಮೀಟರ್ ದಾಟುವುದಿಲ್ಲ. ಮೂಡಣ ಕಡಲಿಗೆ ಬೆನ್ನು ಹಾಕಿ ಹೊರಟರೆ ಎಂಟು ನಿಮಿಷದಲ್ಲಿ ಪಡುವಣ ಕಡಲು ಎದುರಾಗುತ್ತದೆ. ಈ ಎಂಟು ನಿಮಿಷಕ್ಕೆ ಒಂದು ಹಗಲು ಪೂರ್ತಿ ಕೊಟ್ಟರೂ ಸಾಲದು ಎನ್ನುವುದು ನಡೆದ ಮೇಲೆ ತಿಳಿಯುತ್ತದೆ.

ಏಪ್ರಿಲ್ ಕೊನೆಯ ವಾರ. ಮೂಡಣ ಧಕ್ಕೆಯಲ್ಲಿ ಮಂಗಳೂರು ಹಳೆ ಬಂದರಿನಿಂದ ಬಂದ ಮಂಜಿಯ ಸರಕು ಇಳಿಯುತ್ತಿತ್ತು. ಸಿಮೆಂಟು, ಈರುಳ್ಳಿ, ಅಕ್ಕಿ, ಜೊತೆಗೆ ಚೀಲ ಚೀಲ ಜಲ್ಲಿ. ಸಮುದ್ರ ದಾಟಿಸಿ ಜಲ್ಲಿ ತರುವುದೇಕೆ? ಇಲ್ಲಿ ಕಲ್ಲಿಲ್ಲ, ಅದಕ್ಕೆ. ಕಾಲಡಿ ಇರುವುದೆಲ್ಲ ಹವಳದ ಪುಡಿ. ಹಿಂದೆ ಹವಳವನ್ನೇ ಕಡಿದು ಗೋಡೆ ಎಬ್ಬಿಸುತ್ತಿದ್ದರು. ಈಗ ಕಾನೂನು ಅದನ್ನು ಮುಟ್ಟಗೊಡುವುದಿಲ್ಲ. ಹಾಗಾಗಿ ಇಲ್ಲಿನ ಹೊಸ ಮನೆಗಳಲ್ಲಿ ಕರಾವಳಿಯ ಗುಡ್ಡಗಳ ಒಂದಿಷ್ಟು ಪಾಲಿದೆ.

ಮೇ ನಡುವಿನ ಹೊತ್ತಿಗೆ ಮಂಜಿಗಳು ಓಡಾಟ ನಿಲ್ಲಿಸುತ್ತವೆ. ಮತ್ತೆ ಅವು ಕಾಣುವುದು ಸೆಪ್ಟೆಂಬರ್‌ನಲ್ಲಿ. ಮಳೆಗಾಲಕ್ಕೆ ದೊಡ್ಡ ಹಡಗೇ ಗತಿ, ಅದೂ ಕಡಲು ಒಪ್ಪಿದರೆ. ಅಂಗಡಿಯವರ ಗಡಿಬಿಡಿಗೆ ಕಾರಣ ಅದು.

ಧಕ್ಕೆಯ ಹತ್ತಿರ ಚಾ ಕುಡಿಯುತ್ತಿದ್ದ ಹಿರಿಯರೊಬ್ಬರು ನನ್ನ ಊರು ವಿಚಾರಿಸಿ, "ಬಂದರಿನಲ್ಲಿ ನಮ್ಮವರು ಎಷ್ಟು ಮಂದಿ ಉಂಟು ಗೊತ್ತುಂಟಾ ನಿಮಗೆ?" ಎಂದು ಮಂಗಳೂರಿನ ಕನ್ನಡದಲ್ಲೇ ಕೇಳಿದರು. ಅದರಲ್ಲಿ ಆಶ್ಚರ್ಯವಿಲ್ಲ. ಕೊಚ್ಚಿ ಇಲ್ಲಿಗೆ 400 ಕಿ.ಮೀ. ದೂರ, ಮಂಗಳೂರು ಸುಮಾರು 300. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಟಿಪ್ಪುವಿನ ಕೈಯಲ್ಲಿದ್ದು, 1799ರಲ್ಲಿ ಕಂಪನಿಗೆ ಸೇರಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ನಮ್ಮ ಶಾಲೆಯ ಪುಸ್ತಕಗಳು ಇದನ್ನು ಹೇಳಿದ್ದು ನನಗಂತೂ ನೆನಪಿಲ್ಲ.

ಧಕ್ಕೆ ಬಿಟ್ಟರೆ ಓಣಿ, ಓಣಿಯ ಎರಡೂ ಕಡೆ ತೆಂಗು. ಕಾಯಿ ಚಿಕ್ಕದು, ಎಣ್ಣೆ ಜಾಸ್ತಿ. ಕೆಲವು ಮರಗಳ ಹೊಂಬಾಳೆಗೆ ಮಡಕೆ ಕಟ್ಟಿ 'ಮೀರ' ಇಳಿಸುತ್ತಾರೆ. ಹುಳಿಯುವ ಮೊದಲೇ ಕುಡಿಯಬೇಕು, ಇಲ್ಲವೇ ಕಾಯಿಸಿ ಬೆಲ್ಲ ಮಾಡಬೇಕು. ಆ ಬೆಲ್ಲಕ್ಕೆ ತೆಂಗಿನತುರಿ ಸೇರಿಸಿ, ಒಣಗಿದ ಬಾಳೆಲೆಯಲ್ಲಿ ಸುತ್ತಿದ ಉಂಡೆಯನ್ನು ತಿನ್ನದೆ ಯಾರೂ ಮರಳಬಾರದು. ಹಿತ್ತಿಲಲ್ಲಿ ಜೀಗುಜ್ಜೆ, ನುಗ್ಗೆ, ಕೋಳಿ, ಆಡು. ನಾಯಿ ಇಲ್ಲ, ಹಾವೂ ಇಲ್ಲ. ತೆಂಗಿನ ತಲೆಯಲ್ಲೇ ಸಂಸಾರ ಹೂಡುವ ಇಲಿಗಳಿಗೆ ಇದರಿಂದ ಒಳ್ಳೆಯ ಕಾಲ. ತೂತು ಬಿದ್ದ ಎಳೆಗಾಯಿಗಳು ಬುಡದಲ್ಲಿ ಚೆಲ್ಲಿಕೊಂಡಿರುತ್ತವೆ.

ಒಂದು ಮನೆಯ ಬಾವಿಗೆ ಬಗ್ಗಿ ನೋಡಿದೆ. ಆಳ ಎರಡಾಳೂ ಇಲ್ಲ. ಹೊಳೆ, ತೊರೆ ಒಂದೂ ಇಲ್ಲದ ನೆಲದಲ್ಲಿ ಸಿಹಿನೀರು ನಿಲ್ಲುವ ಬಗೆಯೇ ಬೇರೆ. ಮರಳಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಅದು ಕಡಲ ನೀರಿನ ಮೇಲೆ ತೆಳ್ಳಗೆ ನಿಲ್ಲುತ್ತದೆ. ಭರತಕ್ಕೆ ಬಾವಿಯ ನೀರೂ ಏರುತ್ತದೆ, ಇಳಿತಕ್ಕೆ ತಗ್ಗುತ್ತದೆ. ದೊಡ್ಡ ಪಂಪು ಇಟ್ಟು ಎಳೆದರೆ ಕೆಳಗಿನ ಉಪ್ಪು ಮೇಲೆದ್ದು ಬರುತ್ತದೆ. ಶೌಚದ ಗುಂಡಿಯೂ ಅದೇ ಮರಳಿನಲ್ಲಿ ಇಂಗುವುದರಿಂದ ಮನೆ ಹೆಚ್ಚಿದಷ್ಟೂ ಬಾವಿಗೆ ಅಪಾಯ. ಕವರತ್ತಿ ದ್ವೀಪದಲ್ಲಿ 2005ರಲ್ಲಿ ಬಂದ ಸ್ಥಾವರ ಈ ಕಷ್ಟಕ್ಕೆ ಒಂದು ದಾರಿ ತೋರಿಸಿತು. ಮೇಲಿನ ಬೆಚ್ಚನೆಯ ಸಮುದ್ರದ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದ ತಣ್ಣೀರಿನಿಂದ ಆ ಆವಿಯನ್ನು ತಣಿಸಿ, ದಿನಕ್ಕೆ ಲಕ್ಷ ಲೀಟರ್ ಸಿಹಿನೀರು ತೆಗೆಯುವ ಕ್ರಮ ಅದು.

ಮುಂಗಾರು ಕೇರಳಕ್ಕೆ ಬರುವ ಹೊತ್ತಿಗೇ ಇಲ್ಲಿಗೂ ಬರುತ್ತದೆ. ಆದರೆ ಮೋಡಕ್ಕೆ ಅಡ್ಡ ನಿಲ್ಲುವ ಘಟ್ಟ ಇಲ್ಲವಲ್ಲ! ವರ್ಷದ ಮಳೆ ಮಂಗಳೂರಿನ ಅರ್ಧದಷ್ಟೂ ಆಗುವುದಿಲ್ಲ. ಗಾಳಿಗೆ ಮಾತ್ರ ಏನೂ ಕಡಿಮೆ ಇಲ್ಲ.

ಪಡುವಣ ದಡಕ್ಕೆ ಬಂದರೆ ಕಣ್ಣು ಕಿರಿದಾಗುವಷ್ಟು ಬೆಳಕು. ಮರಳಿನ ಅಂಚಿನಲ್ಲಿ, ಭರತದ ನೀರು ತಲುಪುವ ಜಾಗದಲ್ಲಿ, ತೆಂಗಿನ ಸಿಪ್ಪೆ ಹೂಳುವ ಗುಂಡಿಗಳಿದ್ದವು. ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕೊಳೆತ ಸಿಪ್ಪೆಯನ್ನು ಹೆಂಗಸರು ಬಡಿದು, ನಾರು ಬಿಡಿಸಿ, ಅಂಗೈಯಲ್ಲೇ ಹುರಿ ಹೊಸೆಯುತ್ತಿದ್ದರು. ಒಂದು ಕಾಲಕ್ಕೆ ಈ ಹುರಿಯೇ ದ್ವೀಪದ ನಾಣ್ಯ. ಹುರಿ ಮಂಗಳೂರಿಗೆ, ಅಕ್ಕಿ ದ್ವೀಪಕ್ಕೆ. ಹುರಿ ಕೊಳ್ಳುವ ಹಕ್ಕು ಸರ್ಕಾರದ್ದೊಂದೇ ಆದ್ದರಿಂದ ಬೆಲೆಯೂ ಅದು ಹೇಳಿದ್ದೇ. ಹೊಸೆದವಳ ಮಾತು ಅಲ್ಲಿ ನಡೆಯುತ್ತಿತ್ತೆಂದು ನಾನು ನಂಬುವುದಿಲ್ಲ.

ಎದುರಿಗೆ ಒಂದೂವರೆ ಕಿಲೋಮೀಟರ್ ಅಗಲದ ಹಿನ್ನೀರಿನಂಥ ತಿಳಿ ಕೊಳ. ಅದರ ಆಚೆ ಬಿಳಿ ನೊರೆಯ ಗೆರೆ. ಅದೇ ಹವಳದ ದಿಬ್ಬ, ಜೂನ್ ತೆರೆಗಳ ಏಟನ್ನು ಊರಿನ ಪರವಾಗಿ ತಿನ್ನುವ ಗೋಡೆ. ಗಿಳಿಮೀನುಗಳು ಹವಳ ಕೆರೆದು ತಿಂದು ಹೊರಹಾಕುವ ಪುಡಿಯೂ ದಡದ ಮರಳಿಗೆ ಸೇರುತ್ತದೆ. 1998, 2010, 2016, ಮತ್ತೆ 2024: ಕಡಲು ಕಾದಾಗಲೆಲ್ಲ ಲಕ್ಷದ್ವೀಪದ ಹವಳ ಬೆಳ್ಳಗೆ ಬಿಳಿಚಿಕೊಂಡಿದೆ. ಸತ್ತ ದಿಬ್ಬ ಬೆಳೆಯುವುದಿಲ್ಲ, ಸವೆಯುತ್ತದೆ. ದ್ವೀಪಕ್ಕೋ ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರ.

ದೋಣಿ ತಿಕ್ಕುತ್ತಿದ್ದ ಮೀನುಗಾರನಿಗೆ ಹವಳಕ್ಕಿಂತ ಆಮೆಯ ಚಿಂತೆ. ಹಸಿರು ಕಡಲಾಮೆಗಳು ನೀರಡಿಯ ಹುಲ್ಲನ್ನು ಬೋಳು ಮೇಯುತ್ತವೆ, ಹುಲ್ಲಿನಲ್ಲಿ ಬೆಳೆಯುವ ಮರಿಮೀನು ಇಲ್ಲವಾಗುತ್ತದೆ, ಬಲೆಯೂ ಹರಿಯುತ್ತದೆ ಎಂಬುದು ಅವನ ದೂರು. ಇದು ಬರೀ ಗೊಣಗಾಟವಲ್ಲ. ಅಗತ್ತಿಯಲ್ಲಿ ಆಮೆಗಳು ಕಡಲಹುಲ್ಲನ್ನು ಮೇದು ಮುಗಿಸಿದ್ದನ್ನು ವಿಜ್ಞಾನಿಗಳೂ ದಾಖಲಿಸಿದ್ದಾರೆ. ಅಲ್ಲಿ ಮೇವು ತೀರಿದ ಮೇಲೆ ಆಮೆಗಳು ಬೇರೆ ದ್ವೀಪ ಹುಡುಕಿಕೊಂಡವು. ಅವನ್ನು ಮುಟ್ಟಿದರೆ ಜೈಲು. ಇನ್ನೆಷ್ಟು ದಿನ ಇರುತ್ತವೆ ಇಲ್ಲಿ, ಎಂದು ಕೇಳಿದೆ. "ಹುಲ್ಲು ಇರುವ ತನಕ" ಎಂದವನು, ಇಳಿತ ಶುರುವಾಯಿತೆಂದು ಕಬ್ಬಿಣದ ಸರಳು ಎತ್ತಿಕೊಂಡು 'ಅಪ್ಪಲ್' ಹಿಡಿಯಲು ಹೊರಟ. ಎಂಟು ಕಾಲಿನ ಆ ಪ್ರಾಣಿಯನ್ನು ಹುರಿದರೆ ರುಚಿ; ಸರಿಯಾಗಿ ಬಡಿದು ಮೆದು ಮಾಡದಿದ್ದರೆ ಮಾತ್ರ ಹಲ್ಲಿಗೆ ರಬ್ಬರು.