ಪ್ರೋಗ್ರಾಮಿಂಗ್ ವಿದ್ಯೆಗೆ ತಕ್ಕ ಗ್ರಂಥಗಳಾವುವು?

ಪ್ರತಿ ವರ್ಷವೂ ಸಿ.ಇ.ಟಿ. ಫಲಿತಾಂಶ ಪ್ರಕಟವಾಗಿ, ಸೀಟುಗಳ ಹಂಚಿಕೆ ಮುಗಿದು, ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠಪ್ರವಚನಗಳು ಆರಂಭವಾಗುವ ಕಾಲಕ್ಕೆ ಸಾವಿರಾರು ಗೃಹಸ್ಥರ ಮನೆಗಳಿಗೆ ಪುಸ್ತಕಗಳ ಪಟ್ಟಿಯೊಂದು ಬರುತ್ತದೆ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳ ವಿಚಾರದಲ್ಲಿ ತಂದೆತಾಯಿಗಳಿಗೆ ಅಷ್ಟಿಷ್ಟು ತಿಳಿವಳಿಕೆ ಇದ್ದೇ ಇರುವುದು; ತಾವು ಓದಿದ ಕಾಲದ ಗ್ರಂಥಕರ್ತರ ಹೆಸರುಗಳಾದರೂ ನೆನಪಿನಲ್ಲಿ ಉಳಿದಿರುವುವು. ಪ್ರೋಗ್ರಾಮಿಂಗ್ ಎಂಬ ವಿಷಯ ಬಂದೊಡನೆ ಮಾತ್ರ ಅವರು ಕೈಚೆಲ್ಲಿ, ಅಂಗಡಿಯವನು ಕೊಟ್ಟದ್ದನ್ನು ತೆಗೆದುಕೊಂಡು ಬಾ ಎಂದು ಹೇಳಿಬಿಡುತ್ತಾರೆ. ಅಂಗಡಿಯವನು ಹೆಚ್ಚು ಖರ್ಚಾಗುವುದನ್ನು ಕೊಡುತ್ತಾನೆ. ಅವನದು ವ್ಯಾಪಾರ, ಅವನನ್ನು ದೂರಿ ಫಲವಿಲ್ಲ.

ಆದರೆ ಇದರ ಪರಿಣಾಮ ಅಲ್ಪವಾದುದಲ್ಲ. ಮೊದಲ ವರ್ಷದಲ್ಲಿ ಸಿ ಭಾಷೆಯ ಪಾಠ ತಲೆಗೆ ಹತ್ತದೆ, ಪ್ರಯೋಗಶಾಲೆಯ ಹತ್ತು ಹನ್ನೆರಡು ಪ್ರೋಗ್ರಾಮುಗಳನ್ನು ಕಂಠಪಾಠ ಮಾಡಿ, ಲ್ಯಾಬ್ ರೆಕಾರ್ಡಿನಲ್ಲಿ ಅಂದವಾಗಿ ನಕಲು ಬರೆದು ತೇರ್ಗಡೆಯಾದ ತರುಣನು ನಾಲ್ಕನೆಯ ವರ್ಷದಲ್ಲಿ ಉದ್ಯೋಗದ ಪರೀಕ್ಷೆಗೆ ಕುಳಿತಾಗ, ಕಂಠಪಾಠದ ಹೊರಗಿನ ಒಂದು ಸಣ್ಣ ಲೆಕ್ಕ ಎದುರಾದರೂ ಬೆವರುತ್ತಾನೆ. ತನಗೆ ಬುದ್ಧಿ ಸಾಲದೆಂದು ಅವನು ನಂಬಿಬಿಡುವುದೇ ಇದರಲ್ಲಿನ ಅನ್ಯಾಯ. ಬಹುಪಾಲು ಸಂದರ್ಭಗಳಲ್ಲಿ ಸಾಲದೆ ಹೋದದ್ದು ಅವನ ಬುದ್ಧಿಯಲ್ಲ, ಅವನ ಕೈಗೆ ಸಿಕ್ಕಿದ ಪುಸ್ತಕ.

ಸಿ ಭಾಷೆಯು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1972ರ ಸುಮಾರಿಗೆ ಡೆನ್ನಿಸ್ ರಿಚೀ ಎಂಬವರಿಂದ ನಿರ್ಮಿತವಾಯಿತು. ಆತನೂ ಬ್ರಯನ್ ಕರ್ನಿಘನ್ ಎಂಬವರೂ ಸೇರಿ 1978ರಲ್ಲಿ ಆ ಭಾಷೆಯನ್ನು ಕುರಿತು ಒಂದು ಗ್ರಂಥವನ್ನು ಬರೆದರು. ಅದರ ಎರಡನೆಯ ಆವೃತ್ತಿ 1988ರಲ್ಲಿ ಹೊರಬಿತ್ತು. ಮುನ್ನೂರು ಪುಟಗಳನ್ನೂ ಮುಟ್ಟದ ಈ ಸಣ್ಣ ಪುಸ್ತಕಕ್ಕೆ ಪ್ರಪಂಚದಲ್ಲೆಲ್ಲ ದೊರೆತ ಮನ್ನಣೆ ಅಸಾಧಾರಣವಾದುದು. ನಮ್ಮ ದೇಶದಲ್ಲಿಯೂ ಅಗ್ಗದ ಆವೃತ್ತಿಯಲ್ಲಿ ಅದು ದೊರೆಯುತ್ತ ಬಂದಿದೆ. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಮೊದಲು ಹೇಳುವ ಹೆಸರೂ ಇದೇ. ಅದು ಉತ್ತಮ ಗ್ರಂಥವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮೊದಲನೆಯ ಗ್ರಂಥವೆಂಬುದರಲ್ಲಿ ನಮಗೆ ಬಲವಾದ ಸಂಶಯವಿದೆ. ಇದು ಪ್ರೋಗ್ರಾಮಿಂಗಿನ ಪ್ರವೇಶ ಪಾಠವಲ್ಲ, ಆ ವಿದ್ಯೆಯ ಮೂಲ ಕಲ್ಪನೆಗಳು ವಾಚಕನಿಗೆ ತಕ್ಕಮಟ್ಟಿಗೆ ಗೊತ್ತಿರಬೇಕು ಎಂಬ ಅಭಿಪ್ರಾಯವನ್ನು ಗ್ರಂಥಕರ್ತರೇ ಮುನ್ನುಡಿಯಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾರೆ. ಮುನ್ನುಡಿಯನ್ನು ಓದುವ ಪದ್ಧತಿ ನಮ್ಮಲ್ಲಿ ಕಡಮೆ. ಆದಕಾರಣ ಹಳ್ಳಿಯ ಶಾಲೆಯಿಂದ ಬಂದು, ಗಣಕಯಂತ್ರದ ಮುಂದೆ ಮೊದಲ ಸಲ ಕುಳಿತ ಹುಡುಗನ ಕೈಗೆ ಈ ಗ್ರಂಥವನ್ನು ಕೊಡುವುದು, ಸಂಧಿ ಸಮಾಸಗಳನ್ನು ಅರಿಯದವನಿಗೆ ಕಾವ್ಯಮೀಮಾಂಸೆಯನ್ನು ಬೋಧಿಸಿದಂತೆ ಆಗುತ್ತದೆ.

ನಮ್ಮ ದೇಶದವರೇ ಬರೆದ ಪುಸ್ತಕಗಳ ಪೈಕಿ ಬಾಲಗುರುಸ್ವಾಮಿಯವರದೂ, ಯಶವಂತ ಕಾನೇಟ್ಕರರ "ಲೆಟ್ ಅಸ್ ಸಿ" ಎಂಬುದೂ ಪ್ರಸಿದ್ಧವಾಗಿವೆ. ಇವರಿಬ್ಬರೂ ಭಾರತೀಯ ವಿದ್ಯಾರ್ಥಿಯ ಮಟ್ಟವನ್ನೂ ಪರೀಕ್ಷೆಯ ರೀತಿಯನ್ನೂ ಅರಿತು ಬರೆದವರು. ಕಾನೇಟ್ಕರರ ಶೈಲಿಯಂತೂ ಎದುರಿಗೆ ಕುಳಿತು ಮಾತನಾಡಿದಂತೆ ಇದೆ. ಪರದೇಶದ ಗ್ರಂಥವೆಂದ ಮಾತ್ರಕ್ಕೆ ಮೇಲು, ನಮ್ಮದೆಂದ ಮಾತ್ರಕ್ಕೆ ಕೀಳು ಎಂಬ ಭಾವನೆಯನ್ನು ನಾವು ಒಪ್ಪುವುದಿಲ್ಲ. ಆದರೆ ಗ್ರಂಥ ಯಾರದೇ ಆಗಿರಲಿ, ಹೆಸರಿಗಿಂತ ಮೊದಲು ನೋಡಬೇಕಾದುದು ಆವೃತ್ತಿಯ ವರ್ಷ. ಈ ವಿಷಯವನ್ನು ಕೊಂಚ ವಿಸ್ತಾರವಾಗಿ ಹೇಳುವುದು ಅವಶ್ಯಕ.

ಬೋರ್‌ಲ್ಯಾಂಡ್ ಎಂಬ ಸಂಸ್ಥೆಯು 1987ರಲ್ಲಿ ಟರ್ಬೋ ಸಿ ಎಂಬ ಕಂಪೈಲರನ್ನು ಮಾರುಕಟ್ಟೆಗೆ ತಂದಿತು. ಅಂದಿನ ಸಣ್ಣ ಗಣಕಯಂತ್ರಗಳಿಗೆ ಅದು ವರಪ್ರಸಾದವೇ ಆಗಿತ್ತು. ಆ ಯಂತ್ರಗಳು ಕಾಲವಾಗಿ ಎಷ್ಟೋ ವರ್ಷಗಳಾದುವು. 64 ಬಿಟ್ಟಿನ ಇಂದಿನ ವಿಂಡೋಸ್ ಯಂತ್ರಗಳಲ್ಲಿ ಆ ಕಂಪೈಲರು ನೇರವಾಗಿ ನಡೆಯುವುದೇ ಇಲ್ಲ. ಹಳೆಯ ಯಂತ್ರದ ವೇಷ ಹಾಕುವ ಬೇರೊಂದು ಪ್ರೋಗ್ರಾಮಿನ ಒಳಗೆ ಅದನ್ನು ಕೂರಿಸಬೇಕು. ಹೀಗಿದ್ದರೂ ಅದನ್ನೇ ಅವಲಂಬಿಸಿದ ಪುಸ್ತಕಗಳೂ ಟಿಪ್ಪಣಿಗಳೂ ಹಳೆಯ ಪುಸ್ತಕದ ಅಂಗಡಿಗಳಲ್ಲಿಯೂ ಕೈಯಿಂದ ಕೈಗೆ ದಾಟುವ ನೆರಳಚ್ಚು ಪ್ರತಿಗಳಲ್ಲಿಯೂ ಜೀವಿಸಿಕೊಂಡಿವೆ. ಇವನ್ನು ಗುರುತಿಸುವುದು ಕಷ್ಟವಲ್ಲ. ಪುಸ್ತಕದ ಮೊದಲ ಪ್ರೋಗ್ರಾಮಿನಲ್ಲಿಯೇ "ವಾಯ್ಡ್ ಮೇನ್" ಎಂದಿದ್ದು, "ಕೊನಿಯೊ" ಎಂಬ ಕಡತವನ್ನು ಸೇರಿಸಿಕೊಂಡು, ಪರದೆಯನ್ನು ಒರಸಲು "ಸಿ ಎಲ್ ಆರ್ ಸ್ಕ್ರ್" ಎಂದು ಬರೆದಿದ್ದರೆ ಅದು ಆ ಕಾಲದ್ದೆಂದು ತಿಳಿಯತಕ್ಕದ್ದು. ಸಾಮಾನ್ಯ ಪ್ರೋಗ್ರಾಮುಗಳಲ್ಲಿ ಮೇನ್ ಒಂದು ಪೂರ್ಣಾಂಕವನ್ನು ಹಿಂದಿರುಗಿಸಬೇಕೆಂಬುದು ಭಾಷೆಯ ಪ್ರಮಾಣ ನಿಬಂಧನೆ. ಇಂತಹ ಪುಸ್ತಕದಿಂದ ಕಲಿತ ವಿದ್ಯಾರ್ಥಿ ಮನೆಯಲ್ಲಿ ಹೊಸ ಯಂತ್ರದ ಮುಂದೆ ಕುಳಿತು ಅಕ್ಷರ ತಪ್ಪದೆ ಬರೆದರೂ ಕಂಪೈಲರು ಅವನನ್ನು ಬಯ್ಯುತ್ತದೆ. ತಪ್ಪು ಎಲ್ಲಿದೆಯೆಂದು ಅವನಿಗೆ ತಿಳಿಯುವ ಬಗೆಯಿಲ್ಲ.

ಇನ್ನೊಂದು ಗುರುತು ಪೂರ್ಣಾಂಕದ ಗಾತ್ರ. ಪೂರ್ಣಾಂಕಕ್ಕೆ ಎರಡು ಬೈಟುಗಳು, ಅದರ ಗರಿಷ್ಠ ಬೆಲೆ 32767 ಎಂದು ಯಾವ ವಿವರಣೆಯೂ ಇಲ್ಲದೆ ಬರೆದಿರುವ ಪುಸ್ತಕವು ಟರ್ಬೋ ಸಿ ಕಾಲದ ಮಾತನ್ನು ಸಾರ್ವಕಾಲಿಕ ಸತ್ಯವೆಂದು ಹೇಳುತ್ತಿದೆ. ಇಂದಿನ ಸಾಮಾನ್ಯ ಕಂಪೈಲರುಗಳಲ್ಲಿ ಅದು ನಾಲ್ಕು ಬೈಟು. ಗರಿಷ್ಠ ಬೆಲೆ 214 ಕೋಟಿಗೂ ಮಿಕ್ಕಿದ್ದು. ಭಾಷೆಯ ನಿಬಂಧನೆಯು ಕನಿಷ್ಠ ವ್ಯಾಪ್ತಿಯನ್ನು ಮಾತ್ರ ಕಟ್ಟುಮಾಡಿದೆ, ಉಳಿದುದು ಯಂತ್ರಕ್ಕೆ ಬಿಟ್ಟದ್ದು ಎಂದು ತಿಳಿಸುವವನೇ ಜವಾಬ್ದಾರಿಯುಳ್ಳ ಗ್ರಂಥಕರ್ತ.

ಮೂರನೆಯದು "ಗೆಟ್ಸ್" ಎಂಬ ಸಾಧನ. ಕೀಲಿಮಣೆಯಿಂದ ಒಂದು ಸಾಲನ್ನು ಓದಿಕೊಳ್ಳಲು ಇದನ್ನು ಉಪಯೋಗಿಸುತ್ತಿದ್ದರು. ಬರುವ ಸಾಲು ಎಷ್ಟು ಉದ್ದವಿದೆ, ಅದನ್ನಿಡಲು ಎಷ್ಟು ಸ್ಥಳವಿದೆ ಎಂಬುದನ್ನು ಅದು ವಿಚಾರಿಸುವುದೇ ಇಲ್ಲ. 1988ರ ನವೆಂಬರಿನಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಬಿಟ್ಟ "ಹುಳು" ಎಂಬ ಪ್ರೋಗ್ರಾಮು ಸಾವಿರಾರು ಗಣಕಯಂತ್ರಗಳನ್ನು ನುಗ್ಗಿ ಸ್ತಬ್ಧಗೊಳಿಸಿದಾಗ, ಅದು ನುಗ್ಗಿದ ಬಾಗಿಲುಗಳಲ್ಲಿ ಈ ಗೆಟ್ಸ್ ಒಂದಾಗಿತ್ತು. 512 ಅಕ್ಷರಗಳಿಗೆ ಮೀಸಲಾದ ಸ್ಥಳಕ್ಕೆ ಅದಕ್ಕಿಂತ ಉದ್ದವಾದ ಸಾಲನ್ನು ತುರುಕಿ ಯಂತ್ರವನ್ನು ವಶಪಡಿಸಿಕೊಳ್ಳಲಾಯಿತು. ಕೊನೆಗೆ 2011ರ ನಿಬಂಧನೆಯಲ್ಲಿ ಆ ಸಾಧನವನ್ನು ಭಾಷೆಯಿಂದಲೇ ತೆಗೆದುಹಾಕಲಾಯಿತು. ಇಷ್ಟಾದ ಮೇಲೆಯೂ ಎಚ್ಚರಿಕೆಯ ಒಂದು ಮಾತಿಲ್ಲದೆ ಅದನ್ನು ಕಲಿಸುವ ಪುಸ್ತಕವು ನಾಳೆ ಬ್ಯಾಂಕಿನಲ್ಲಿಯೋ ಆಸ್ಪತ್ರೆಯಲ್ಲಿಯೋ ಯಂತ್ರಗಳನ್ನು ನಡೆಸಬೇಕಾದ ಇಂಜಿನಿಯರನಿಗೆ ಎಂತಹ ಸಂಸ್ಕಾರವನ್ನು ಕೊಟ್ಟೀತು? ಕರ್ನಿಘನ್ ರಿಚೀಯವರ ಗ್ರಂಥದಲ್ಲಿಯೂ ಗೆಟ್ಸ್ ಇದೆ, ಏಕೆಂದರೆ ಅದು 1988ರದು. ಶ್ರೇಷ್ಠ ಗ್ರಂಥಕ್ಕೂ ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿ ಬೇಕಾಗುವುದು.

ಇವೆಲ್ಲಕ್ಕಿಂತ ಹೆಚ್ಚಿನ ಕೇಡೆಂದು ನಮಗೆ ತೋರುವುದು, ಒಂದೇ ವಾಕ್ಯದಲ್ಲಿ "ಐ ಪ್ಲಸ್ ಪ್ಲಸ್" ಎಂಬುದನ್ನೂ "ಪ್ಲಸ್ ಪ್ಲಸ್ ಐ" ಎಂಬುದನ್ನೂ ಕೂಡಿಸಿಟ್ಟು ಇದರ ಉತ್ತರವೇನೆಂದು ಕೇಳುವ ಪ್ರಶ್ನೆಗಳು. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿಯೂ ಉದ್ಯೋಗಪರೀಕ್ಷೆಯ ಗೈಡುಗಳಲ್ಲಿಯೂ ಇವಕ್ಕೆ ಬಹಳ ಪ್ರೀತಿ. ಭಾಷೆಯ ನಿಬಂಧನೆಯಂತೆ ಇಂತಹ ವಾಕ್ಯಕ್ಕೆ ನಿಶ್ಚಿತವಾದ ಅರ್ಥವೇ ಇಲ್ಲ. ಒಂದು ಕಂಪೈಲರು ಒಂದು ಉತ್ತರವನ್ನು, ಮತ್ತೊಂದು ಬೇರೊಂದನ್ನು ಕೊಟ್ಟರೆ ಎರಡೂ ನಿರ್ದೋಷಿಗಳು. ಅರ್ಥವಿಲ್ಲದ ಪ್ರಶ್ನೆಗೆ ಅಂಕ ಕೊಡುವ ಪರೀಕ್ಷಕರನ್ನು ಏನೆನ್ನಬೇಕೋ ತಿಳಿಯದು. ಇಂತಹ ಪ್ರಶ್ನೆಗಳು ಪುಸ್ತಕದಲ್ಲಿ ಹೇರಳವಾಗಿದ್ದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಲೇಸು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಏನೂ ಅರಿಯದ ಆರಂಭಿಕನಿಗೆ ಸಿ ಭಾಷೆಯಲ್ಲಿ ನಾವು ಕೆ. ಎನ್. ಕಿಂಗ್ ಎಂಬವರ "ಸಿ ಪ್ರೋಗ್ರಾಮಿಂಗ್: ಎ ಮಾಡರ್ನ್ ಅಪ್ರೋಚ್" ಎಂಬ ಗ್ರಂಥವನ್ನು ಸೂಚಿಸುತ್ತೇವೆ. ಅದರ ಎರಡನೆಯ ಆವೃತ್ತಿ 2008ರದು. ಪುಟಗಳು ಎಂಟುನೂರಕ್ಕೂ ಹೆಚ್ಚು, ಬೆಲೆಯೂ ಹಗುರವಲ್ಲ. ಆದರೆ ಅದು ಕೈಹಿಡಿದು ನಡೆಯಿಸುತ್ತದೆ. ಎಲ್ಲಿ ಎಡವುವೆಯೆಂದು ಮುಂಚಿತವಾಗಿ ಹೇಳುತ್ತದೆ. ಇದರ ಮುಕ್ಕಾಲು ಭಾಗ ಮುಗಿದ ಮೇಲೆ ಕರ್ನಿಘನ್ ರಿಚೀಯವರನ್ನು ಹಿಡಿದರೆ, ಮೊದಲು ಒಣಗಿದಂತೆ ಕಂಡ ಆ ವಾಕ್ಯಗಳಲ್ಲಿ ರಸವಿದೆಯೆಂದು ತಿಳಿಯುವುದು. ಪಠ್ಯಕ್ರಮದಲ್ಲಿ ಪೈಥಾನ್ ಇರುವವರಿಗೆ ಆಲನ್ ಡೌನಿಯವರ "ಥಿಂಕ್ ಪೈಥಾನ್" ಸಾಕು. ಗ್ರಂಥಕರ್ತರು ಅದನ್ನು ಅಂತರಜಾಲದಲ್ಲಿ ಉಚಿತವಾಗಿ ಓದಲು ಇಟ್ಟಿದ್ದಾರೆ. ಹಳೆಯ ಪೈಥಾನ್ ಪುಸ್ತಕವನ್ನು ಗುರುತಿಸುವುದು ಇನ್ನೂ ಸುಲಭ: "ಪ್ರಿಂಟ್" ಎಂಬ ಶಬ್ದದ ಮುಂದೆ ಆವರಣ ಚಿಹ್ನೆಯಿಲ್ಲದಿದ್ದರೆ ಅದು ಎರಡನೆಯ ಪೈಥಾನಿನದು, ಅದರ ಪೋಷಣೆ 2020ರ ಜನವರಿ 1ರಂದು ನಿಂತುಹೋಯಿತು. ಕಾರ್ಮೆನ್ ಮೊದಲಾದ ನಾಲ್ವರ ಆಲ್ಗಾರಿದಮ್ ಗ್ರಂಥ, ಕ್ನೂತ್ ಅವರ ಸಂಪುಟಗಳು ಇವೆಲ್ಲ ಮೊದಲ ವರ್ಷಕ್ಕೆ ಬೇಡ. ಕಪಾಟಿನ ಅಲಂಕಾರಕ್ಕೆ ಹಣ ವ್ಯಯಮಾಡುವ ಸ್ಥಿತಿಯಲ್ಲಿ ನಮ್ಮ ಮಧ್ಯಮ ವರ್ಗದವರಿಲ್ಲ. ಆದರೂ ಕ್ನೂತ್ ಅವರ ವಿಷಯದಲ್ಲಿ ಒಂದು ಮಾತು: ತಮ್ಮ ಗ್ರಂಥದಲ್ಲಿ ಹೊಸ ತಪ್ಪೊಂದನ್ನು ತೋರಿಸಿಕೊಟ್ಟವರಿಗೆ ಆ ವೃದ್ಧ ಪಂಡಿತರು 2.56 ಡಾಲರು ಬಹುಮಾನವನ್ನು ಗೊತ್ತುಮಾಡಿದ್ದಾರೆ. ನಮ್ಮ ಗೈಡುಗಳ ಪ್ರಕಾಶಕರು ಈ ಪದ್ಧತಿಯನ್ನು ಅನುಸರಿಸಿದರೆ ಒಂದೇ ವರ್ಷದಲ್ಲಿ ದಿವಾಳಿಯಾಗುವರು.

ಕೃತಕ ಬುದ್ಧಿಯ ಯಂತ್ರಗಳು ಕ್ಷಣಾರ್ಧದಲ್ಲಿ ಪ್ರೋಗ್ರಾಮು ಬರೆದುಕೊಡುತ್ತಿರುವಾಗ ಪುಸ್ತಕವೇತಕ್ಕೆ ಎಂದು ಕೇಳುವವರುಂಟು. ಬರೆದುಕೊಟ್ಟುದು ಸರಿಯೋ ತಪ್ಪೋ ಎಂದು ಹೇಳಬೇಕಾದವನು ಇಂಜಿನಿಯರನೇ ತಾನೆ? ಆ ವಿವೇಚನೆ ಬರುವುದು ಒಂದು ಗ್ರಂಥವನ್ನು ಕ್ರಮವಾಗಿ ಓದಿ, ಅದರ ಅಭ್ಯಾಸದ ಪ್ರಶ್ನೆಗಳನ್ನು ತಾನೇ ಯಂತ್ರದ ಮುಂದೆ ಕುಳಿತು ಬಿಡಿಸಿದವನಿಗೆ ಮಾತ್ರ.

ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳ ಮಾತು ಪ್ರತ್ಯೇಕವಾಗಿ ಆಡಬೇಕಾದುದು. 1989ರ ನಿಬಂಧನೆಯಂತೆ ಸಿ ಭಾಷೆಯ ಮೀಸಲು ಶಬ್ದಗಳು 32 ಮಾತ್ರ. ಅಷ್ಟನ್ನು ಕಲಿಯಲು ಇಂಗ್ಲಿಷಿನ ಪಾಂಡಿತ್ಯ ಬೇಕಿಲ್ಲ. ಅಡ್ಡಿಯಾಗಿರುವುದು ಭಾಷೆಯಲ್ಲ, ಅದನ್ನು ವಿವರಿಸುವ ಇಂಗ್ಲಿಷ್ ಗದ್ಯ. ಪಾಯಿಂಟರು ಎಂದರೆ ಮನೆಯಲ್ಲ, ಮನೆಯ ವಿಳಾಸ ಬರೆದ ಚೀಟಿ ಎಂದು ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಹೇಳಬಹುದಾದುದನ್ನು ಅರ್ಥಮಾಡಿಕೊಳ್ಳಲು ಬುದ್ಧಿವಂತ ಹುಡುಗಿಯೊಬ್ಬಳು ನಿಘಂಟನ್ನು ಹಿಡಿದು ರಾತ್ರಿಯೆಲ್ಲ ಕೂರಬೇಕಾಗಿದೆ. ನೂರು ವರ್ಷಗಳಿಗೂ ಹಿಂದೆ ಬೆಳ್ಳಾವೆ ವೆಂಕಟನಾರಾಣಪ್ಪನವರೂ ಅವರ ಮಿತ್ರರೂ "ವಿಜ್ಞಾನ" ಎಂಬ ಮಾಸಪತ್ರಿಕೆಯನ್ನು ನಡೆಸಿ, ಅಂದಿನ ಹೊಸ ಶಾಸ್ತ್ರಗಳನ್ನು ಕನ್ನಡಿಗರಿಗೆ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದ್ದರು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧಿಸಲು ಅನುಮತಿ ಕೊಟ್ಟಿತು. ಅನುಮತಿಯಿಂದಲೇ ಗ್ರಂಥ ಹುಟ್ಟುವುದಿಲ್ಲ. ಹುಟ್ಟುವುದಾದರೆ ಅದು ಪದಕ್ಕೆ ಪದ ಇಟ್ಟ ತರ್ಜುಮೆಯಾಗದಿರಲಿ. ಕಂಪೈಲರು, ಪಾಯಿಂಟರು, ಲೂಪು ಮೊದಲಾದ ಶಬ್ದಗಳನ್ನು ಇದ್ದಂತೆಯೇ ಇಟ್ಟು, ವಿವರಣೆಯನ್ನು ತಿಳಿಗನ್ನಡದಲ್ಲಿ ಬರೆಯುವವರು ಬೇಕು. ಅಂತಹ ಪುಸ್ತಕ ಬರುವ ತನಕ ವಿದ್ಯಾರ್ಥಿಯು ಇಂಗ್ಲಿಷ್ ಗ್ರಂಥದ ಪ್ರತಿಯೊಂದು ಅಧ್ಯಾಯವನ್ನು ಓದಿದ ಮೇಲೆ ಅದರ ಸಾರವನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಬಹುದು. ಬರೆಯಲು ಬಾರದ ಕಡೆಯಲ್ಲಿ ಅರ್ಥವಾಗಿಲ್ಲವೆಂದು ತಿಳಿದು ಮತ್ತೆ ಓದತಕ್ಕದ್ದು.

ಕಾಲೇಜುಗಳ ಆಡಳಿತ ವರ್ಗದವರಿಗೆ ಒಂದು ಬಿನ್ನಹ. ಪುಸ್ತಕಭಂಡಾರಗಳಿಗೆ ವರ್ಷದ ಕೊನೆಯಲ್ಲಿ ಹಣ ಖರ್ಚುಹಾಕುವ ಆತುರದಿಂದ ಒಂದೇ ಗೈಡಿನ ನೂರು ಪ್ರತಿಗಳನ್ನು ತರಿಸುವ ಬದಲು, ಕಿಂಗ್ ಅವರ ಗ್ರಂಥದ ಇಪ್ಪತ್ತು ಪ್ರತಿಗಳನ್ನೂ ಕರ್ನಿಘನ್ ರಿಚೀಯವರ ಹತ್ತನ್ನೂ ತರಿಸಬೇಕು. ಅವುಗಳ ಪೈಕಿ ಕೆಲವನ್ನು ಬೀರುವಿನಲ್ಲಿ ಬೀಗಹಾಕಿ ಇಡದೆ ಪ್ರಯೋಗಶಾಲೆಯ ಮೇಜಿನ ಮೇಲೆ ಇಡಿಸಬೇಕು. ಟರ್ಬೋ ಸಿ ಇನ್ನೂ ಇರುವ ಯಂತ್ರಗಳಲ್ಲಿ ಜಿ.ಸಿ.ಸಿ. ಎಂಬ ಉಚಿತ ಕಂಪೈಲರನ್ನು ಹಾಕಿಸಲು ಒಂದು ದಿನದ ಕೆಲಸ ಸಾಕು; ಅದಕ್ಕೆ ಟೆಂಡರು ಕರೆಯಬೇಕಾದುದೂ ಇಲ್ಲ.