ವಾಕಿಂಗ್ ಮಾಡಿದ್ರೂ ಬೀಳ್ತಾರೆ ಯಾಕೆ? ಅರವತ್ತು ದಾಟಿದವರ ಕಾಲಿಗೆ ಬೇಕಿರೋದು ಬರೀ ನಡಿಗೆ ಅಲ್ಲ

ಬೆಳಗ್ಗೆ ಆರಕ್ಕೆ ಕಾಲೇಜು ಮೈದಾನದಲ್ಲಿ ನಾಲ್ಕು ಸುತ್ತು ಹಾಕಿ ಬಂದ ಯಜಮಾನ್ರು, ಒಂಬತ್ತಕ್ಕೆ ಅಂಗಡಿ ಗಲ್ಲಾಪೆಟ್ಟಿಗೆ ಮುಂದೆ ಕೂತರೆ ಏಳೋದು ಮಧ್ಯಾಹ್ನದ ಊಟಕ್ಕೇ. ಏಳುವಾಗ ಟೇಬಲ್ ಹಿಡೀಲೇಬೇಕು. 'ವಯಸ್ಸಾಯ್ತಲ್ಲಪ್ಪ' ಅಂತ ನಕ್ಕು ಸುಮ್ಮನಾಗ್ತಾರೆ. ಆದರೆ ಕೈ ಊರದೆ ಕುರ್ಚಿಯಿಂದ ಏಳಲು ಕಷ್ಟವಾಗುತ್ತಿದ್ದರೆ ಅದು ತೊಡೆಯ ಬಲ ಕುಗ್ಗಿರುವ ಸೂಚನೆ. ಅಂಥವರು ಬೀಳುವ ಸಾಧ್ಯತೆಯೂ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಅದರಲ್ಲಿ 60 ದಾಟಿದವರೇ ಹೆಚ್ಚು. ಮರ ಹತ್ತಿಯೇ ಬೀಳಬೇಕು ಅಂತಿಲ್ಲ, ಬಚ್ಚಲಲ್ಲಿ ಜಾರಿದರೂ ಹೊಸಿಲು ಎಡವಿದರೂ ಸಾಕು. ಸೊಂಟದ ಮೂಳೆ ಮುರಿದರೆ ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ಇನ್ನೊಬ್ಬರ ಆಸರೆ. ಹಾಸಿಗೆ ಹಿಡಿದರೆ ಬೆನ್ನು ಹುಣ್ಣು, ನ್ಯುಮೋನಿಯಾ ಬೇರೆ.

ವಾಕಿಂಗ್ ಹೃದಯಕ್ಕೆ, ಶುಗರ್‌ಗೆ ಒಳ್ಳೇದೇ. ಬೀಳೋದನ್ನ ತಡೆಯಲು ಅದೊಂದೇ ಸಾಲದು. ಮುಗ್ಗರಿಸಿದಾಗ ಮೈ ಹಿಡಿದು ನಿಲ್ಲಿಸೋಕೆ ಕಾಲಿನ ಬಲ, ಸಮತೋಲನ ಎರಡೂ ಬೇಕು. 2019ರಲ್ಲಿ 108 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ವ್ಯಾಯಾಮ ಮಾಡಿದ ಹಿರಿಯರು ಬೀಳುವ ಪ್ರಮಾಣ ಶೇ. 23ರಷ್ಟು ಕಡಿಮೆ ಇತ್ತು. ಹೆಚ್ಚು ಫಲ ಕೊಟ್ಟದ್ದು ಸಮತೋಲನದ ಜೊತೆ ಕಾಲಿನ ಬಲದ ವ್ಯಾಯಾಮವನ್ನೂ ಸೇರಿಸಿ ಮಾಡಿದ್ದು.

ಇದಕ್ಕೆ ಜಿಮ್ ಬೇಡ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಲ್ಲಿ (ಜಾರೋ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ) ಕೂತು, ನಿಧಾನಕ್ಕೆ ಎದ್ದು, ಮತ್ತೆ ಕೂರೋದು. ಐದು ಸಲದಿಂದ ಶುರು ಮಾಡಿ ಹತ್ತಕ್ಕೆ ಏರಿಸಬಹುದು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸೋದು, ಒಂದೇ ಕಾಲಲ್ಲಿ ಕೆಲ ಸೆಕೆಂಡ್ ನಿಲ್ಲೋದು, ಗೋಡೆ ಪಕ್ಕ ಅಡಿಗೆ ಅಡಿ ಜೋಡಿಸಿ ನಡೆಯೋದು. ವಾರಕ್ಕೆ ಮೂರು ದಿನವಾದರೂ ಬೇಕು, ಮೊದಮೊದಲು ಪಕ್ಕದಲ್ಲಿ ಮನೆಯವರೊಬ್ಬರು ಇರಲಿ. ಮಾಡುವಾಗ ತಲೆ ಸುತ್ತಿದರೆ, ಎದೆ ನೋವು ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ನಮ್ಮ ಮನೆಗಳಲ್ಲಿ ಆಗೋದು ಉಲ್ಟಾ. ಅಜ್ಜಿ ಒಮ್ಮೆ ಬಿದ್ದರೆ ಸಾಕು, 'ನೀನು ಕೂತಲ್ಲಿಂದ ಏಳಬೇಡ, ನೀರೂ ನಾವೇ ಕೊಡ್ತೀವಿ' ಅಂತಾರೆ. ಪ್ರೀತಿಯೇ, ಆದರೆ ಕೂತಷ್ಟೂ ಕಾಲು ಸೋಲುತ್ತೆ, ಮುಂದಿನ ಸಲ ಬೀಳೋದು ಇನ್ನೂ ಸುಲಭವಾಗುತ್ತೆ.

ಬಿಪಿ ಮಾತ್ರೆ, ನಿದ್ದೆ ಮಾತ್ರೆಯಿಂದಲೂ ತಲೆ ಸುತ್ತಬಹುದು. ತಾವಾಗೇ ನಿಲ್ಲಿಸದೆ ಡಾಕ್ಟರನ್ನ ಕೇಳಬೇಕು. ಕಣ್ಣಿನ ಪೊರೆ ಇದ್ದರೆ ತೋರಿಸಬೇಕು, ಸವೆದ ಹವಾಯಿ ಚಪ್ಪಲಿ ಎಸೀಬೇಕು.

ಅಂಗಡಿಯವರಿಗೂ ಕೆಲಸ ಇದೆ. ಚರಂಡಿ ಮೇಲಿನ ಕಲ್ಲು ಅಲುಗಾಡ್ತಿದ್ದರೆ ಭದ್ರ ಮಾಡಿಸಿ, ಮೆಟ್ಟಿಲ ಪಕ್ಕ ಹಿಡ್ಕೊಳ್ಳೋಕೆ ಒಂದು ಕಬ್ಬಿಣದ ಪೈಪ್ ಹಾಕಿಸಿದರೆ ಆಯ್ತು. ಪಿಂಚಣಿ ದಿನ ಸಾಮಾನಿಗೆ ಬರೋ ಗಿರಾಕಿಗಳಲ್ಲಿ ಹಿರಿಯರೇ ಜಾಸ್ತಿ.