ಮಧುಮೇಹದ ಹತೋಟಿ: ಎರಡು ದಿನದ ಪಥ್ಯವಲ್ಲ, ಮೂರು ತಿಂಗಳ ಲೆಕ್ಕ

ಕಲ್ಯಾಣದಲ್ಲಿ ನೆಲೆಸಿರುವ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ರಕ್ತಪರೀಕ್ಷೆಗೆ ಮುನ್ನ ಎರಡು ದಿನ ಕಟ್ಟುನಿಟ್ಟಾಗಿ ಪಥ್ಯ ಮಾಡುತ್ತಿದ್ದರು. ಬರಿಹೊಟ್ಟೆಯ ಸಕ್ಕರೆ ಪ್ರಮಾಣ 120ರ ಆಸುಪಾಸಿನಲ್ಲಿ ಬರುತ್ತಿತ್ತು, ಮನೆಮಂದಿಗೆಲ್ಲ ಸಮಾಧಾನ. ಒಂದು ದಿನ ದೃಷ್ಟಿ ಮಸುಕಾಯಿತು. ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳಲ್ಲಿ ಸ್ರಾವವಾಗಿದೆಯೆಂದು ನೇತ್ರವೈದ್ಯರು ತಿಳಿಸಿದ ಮೇಲೆಯೇ ಅವರು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದರು. ಫಲಿತಾಂಶ ಶೇ. 9.6.

ತಿಂಗಳ ಕೊನೆಯ ದಿನ ಖಾತೆಗೆ ಹಣ ತುಂಬಿ ಮರುದಿನ ಹಿಂದೆಗೆದುಕೊಂಡರೆ ಸರಾಸರಿ ಶಿಲ್ಕು ಏರುವುದಿಲ್ಲವೆಂಬುದು ಬ್ಯಾಂಕಿನವರಾದ ನಮಗೆ ತಿಳಿಯದ್ದೇನಲ್ಲ. ರಕ್ತದ ಸಕ್ಕರೆಯ ಲೆಕ್ಕವೂ ಹಾಗೆಯೇ. ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಗ್ಲೂಕೋಸನ್ನು ಅಳೆಯುವ ಎಚ್‌ಬಿಎ1ಸಿ, ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಬಹುತೇಕ ವಯಸ್ಕರಿಗೆ ಇದು ಶೇ. 7ಕ್ಕಿಂತ ಕಡಿಮೆ ಇರಬೇಕು. ವೃದ್ಧರಿಗೆ ವೈದ್ಯರು ತುಸು ಸಡಿಲವಾದ ಗುರಿ ನೀಡುವುದುಂಟು. ರಕ್ತಹೀನತೆಯಿದ್ದಲ್ಲಿ ಈ ಅಂಕಿ ದಾರಿ ತಪ್ಪಿಸಬಹುದಾದ್ದರಿಂದ ಅದನ್ನೂ ವೈದ್ಯರಿಗೆ ತಿಳಿಸಬೇಕು.

ಈ ಸರಾಸರಿಗೆ ಎಷ್ಟು ಬೆಲೆಯಿದೆಯೆಂಬುದನ್ನು 1977ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿ 1998ರಲ್ಲಿ ಫಲಿತಾಂಶ ಪ್ರಕಟಿಸಿದ ದೊಡ್ಡ ಅಧ್ಯಯನವೊಂದು ತೋರಿಸಿಕೊಟ್ಟಿತು. ಹತ್ತು ವರ್ಷ ಸರಾಸರಿ 7.9 ಇದ್ದವರಿಗಿಂತ 7.0 ಇದ್ದವರಲ್ಲಿ ಕಣ್ಣು, ಮೂತ್ರಪಿಂಡ ಮುಂತಾದೆಡೆಯ ಸೂಕ್ಷ್ಮ ರಕ್ತನಾಳಗಳ ತೊಂದರೆ ಶೇ. 25ರಷ್ಟು ಕಡಿಮೆಯಿತ್ತು. ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನ 2023ರಲ್ಲಿ ಅಂದಾಜಿಸಿದೆ. ಹೀಗಿರುವಾಗ ಈ ಮಾತು ಯಾರ ಮನೆಗೂ ದೂರದ್ದಲ್ಲ.

ಸರಾಸರಿಯನ್ನು ಏರಿಳಿಸುವ ಅಂಶಗಳಾವುವು? ಮೊದಲನೆಯದು ಆಹಾರ. ಸಿಹಿ ಬಿಟ್ಟರೆ ಸಾಕೆಂಬುದು ತಪ್ಪು ಕಲ್ಪನೆ. ಬೆಲ್ಲವೂ ಸಕ್ಕರೆಯೇ. ರಾಗಿಯಲ್ಲಿ ನಾರಿನಂಶ ಹೆಚ್ಚಿದ್ದರೂ ಪಿಷ್ಟದ ಪಾಲೇ ದೊಡ್ಡದು. ನುಣ್ಣನೆಯ ಹಿಟ್ಟಿನ ಗಂಜಿ ಬೇಗನೆ ಸಕ್ಕರೆಯೇರಿಸುತ್ತದೆ. ಅನ್ನವಿರಲಿ, ಚಪಾತಿಯಿರಲಿ, ಅಳತೆಯೇ ಮುಖ್ಯ. ತಟ್ಟೆಯ ಅರ್ಧಭಾಗ ತರಕಾರಿಗೆ ಮೀಸಲಾಗಿರುವುದು ಲೇಸು.

ಎರಡನೆಯದು ಹೊತ್ತು. ಮುಂಬಯಿಯ ಕಚೇರಿಯಿಂದ ಡೊಂಬಿವಲಿಗೆ ಮರಳಿ ರಾತ್ರಿ ಹತ್ತಕ್ಕೆ ಉಂಡು ಹಾಗೆಯೇ ಮಲಗುವವರು ನಮ್ಮಲ್ಲಿ ಬಹಳ. ಐರೋಳಿ, ಮಹಾಪೆಯ ಕಂಪೆನಿಗಳಲ್ಲಿ ರಾತ್ರಿ ಪಾಳಿ ಮಾಡುವ ಮಕ್ಕಳ ಪಾಡೂ ಇದೇ. ತಡವಾದ ಊಟ, ಕೊರತೆಯ ನಿದ್ರೆ, ಮನಸ್ಸಿನ ಒತ್ತಡ ಇವೆಲ್ಲ ಇನ್ಸುಲಿನ್ನಿನ ಕೆಲಸವನ್ನು ಕುಂಠಿತಗೊಳಿಸುತ್ತವೆ.

ಮೂರನೆಯದು ನಡಿಗೆ. ಲೋಕಲ್ ಟ್ರೈನಿನಲ್ಲಿ ನಿಂತು ಬಂದ ದಣಿವು ವ್ಯಾಯಾಮವಲ್ಲ. ದುಡಿಯುವ ಸ್ನಾಯುಗಳು ರಕ್ತದಿಂದ ಗ್ಲೂಕೋಸನ್ನು ತಾವೇ ಹೀರಿಕೊಳ್ಳುತ್ತವೆ. ಆದುದರಿಂದ ಊಟದ ನಂತರ ಹದಿನೈದು ನಿಮಿಷ ನಡೆದರೂ ಪ್ರಯೋಜನವುಂಟು. ಥಾಣೆಯ ಮಸುಂದಾ ಕೆರೆಯ ದಂಡೆಯೇ ಬೇಕೆಂದೇನಿಲ್ಲ, ಸೊಸೈಟಿಯ ಅಂಗಳವೂ ಸಾಕು.

ನಾಲ್ಕನೆಯದು ಔಷಧಿ. ಗುಣವಾಯಿತೆಂದು ತಾನಾಗಿ ಮಾತ್ರೆ ನಿಲ್ಲಿಸುವುದು, ನೆರೆಯವರ ಮಾತ್ರೆ ನುಂಗುವುದು ಎರಡೂ ಅಪಾಯ. ಜ್ವರ, ಸೋಂಕು, ಸ್ಟೆರಾಯ್ಡ್ ಔಷಧಿಗಳು ಸಕ್ಕರೆಯನ್ನು ಹಠಾತ್ತನೆ ಏರಿಸುತ್ತವೆ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ರೈಲು ಪ್ರಯಾಣಿಕರ ಚೀಲದಲ್ಲಿ ಸಕ್ಕರೆಯ ಪೊಟ್ಟಣವೊಂದು ಸದಾ ಇರಲಿ.

ಇವುಗಳಲ್ಲಿ ಯಾವುದೂ ರೋಗಿಯೊಬ್ಬನಿಂದಲೇ ಆಗುವಂಥದ್ದಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿಗೇ ಮಧುಮೇಹವಿದ್ದರೆ, ಆಕೆಯ ಊಟದ ಹೊತ್ತನ್ನು ಮನೆಯವರೇ ಕಾಯಬೇಕು. ಸಮಾರಂಭಗಳಲ್ಲಿ "ಒಂದು ಹೋಳಿಗೆಯಿಂದ ಏನಾಗುತ್ತದೆ" ಎಂದು ಒತ್ತಾಯಿಸುವ ಆತಿಥ್ಯವನ್ನೂ ನಾವು ತುಸು ತಿದ್ದಿಕೊಳ್ಳಬೇಕಾಗಿದೆ.

ಲೇಸರ್ ಚಿಕಿತ್ಸೆಯಿಂದ ನನ್ನ ಸಹೋದ್ಯೋಗಿಯ ಉಳಿದ ದೃಷ್ಟಿ ಉಳಿಯಿತು. ಈಗ ಅವರ ಮನೆಯಲ್ಲಿ ಎಲ್ಲರೂ ರಾತ್ರಿ ಎಂಟಕ್ಕೇ ಉಣ್ಣುತ್ತಾರೆ. ಹತೋಟಿ ತಪ್ಪಿದವರು ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ಎಲ್ಲ ಮಧುಮೇಹಿಗಳೂ ವರ್ಷಕ್ಕೊಮ್ಮೆ ಕಣ್ಣು, ಮೂತ್ರಪಿಂಡ ಮತ್ತು ಪಾದಗಳ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ. ಪರೀಕ್ಷೆಯ ಮುನ್ನಾದಿನಗಳ ಪಥ್ಯದಿಂದ ವೈದ್ಯರನ್ನು ಮೆಚ್ಚಿಸಬಹುದು, ಕಣ್ಣನ್ನು ಕಾಯಲಾಗದು.